ಬಣವೆ ಮೇಲೆ ಕೂತು ಬರೆದ ಪದ

ಹುಲಿಯಮ್ಮನನ್ನು ನೋಡಿದರೆ ಹೋರಿಗರು ಪಳಗಿಸುವ ಹೆಂಗಸು ಅಂತ ಯಾರೂ ಹೇಳುವುದಿಲ್ಲ. ನಾಲ್ಕೂ ಮುಕ್ಕಾಲು ಅಡಿ ಎತ್ತರ. ಗಾಳಿ ಜೋರಾಗಿ ಬೀಸಿದರೆ ಸೆರಗಿಗೆ ಕಲ್ಲು ಕಟ್ಟಿಕೊಳ್ಳಬೇಕೇನೋ ಅನ್ನುವಂಥ ಮೈಕಟ್ಟು. ಬಾಯಿ ಮಾತ್ರ ಆ ಅಳತೆಗೆ ಮಾಡಿದ್ದಲ್ಲ. ಅಜ್ಜಂಪುರದಲ್ಲಿ ಬಸ್ಸು ಹತ್ತಿ ಸೀಟು ಹಿಡಿದರೆ ಬುಕ್ಕಾಂಬುಧಿ ಕೆರೆ ಏರಿ ಕಾಣುವವರೆಗೂ ಅವಳ ಮಾತು ನಿಲ್ಲುವುದಿಲ್ಲ. ನಾನು ಅದೇ ದಾರಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿರುವ ಮಲ್ಲಿಕಾಂಬ. ಮಾತಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಅದು ಕೆಲಸದಿಂದ ಅಂಟಿಕೊಂಡ ಕಾಯಿಲೆ. ಬೆಳಿಗ್ಗೆ ಸಂಜೆ ಅಜ್ಜಂಪುರದ ಡೈರಿಗೆ ಹಾಲು ಕೊಡಲು ಓಡಾಡುವ ಅವಳು ಇಂಥ ನನ್ನ ಪಕ್ಕದಲ್ಲೇ ಪ್ರತಿದಿನ ಬಂದು ಕೂರುತ್ತಿದ್ದಳು. ಎರಡು ವರ್ಷ ಮುಖ ಗಂಟಿಕ್ಕಿಕೊಂಡು ಕಿಟಕಿ ನೋಡಿದೆ. ಮೂರನೆಯ ವರ್ಷ ನಾನೇ ಅವಳಿಗೆ ಸೀಟು ಹಿಡಿದಿಡಲು ಶುರುಮಾಡಿದೆ. ಯಾಕೆ ಅಂತ ಕೇಳಬೇಡಿ.

ಅವಳಪ್ಪ ಕಾವಲಿನಲ್ಲಿ ದನ ಕಾಯುತ್ತಿದ್ದವನು. ಕಾವಲು ಅಂದರೆ ಅಮೃತಮಹಲ್ ದನಗಳು ಬಯಲಿನಲ್ಲಿ ತಮ್ಮ ಪಾಡಿಗೆ ಮೇಯ್ದು, ತಮ್ಮ ಪಾಡಿಗೆ ಈದು, ಮನುಷ್ಯರನ್ನು ದೂರದಿಂದ ನೋಡಿಕೊಂಡು ಬೆಳೆಯುವ ಹುಲ್ಲುಗಾವಲು. ಅಲ್ಲಿಂದ ಹರಾಜಿನಲ್ಲಿ ಕೊಂಡು ತಂದ ಹೋರಿಗರುವಿಗೆ ಹಗ್ಗ ಅಂದರೇನು, ಮನೆ ಅಂದರೇನು, ಒಂದೂ ಗೊತ್ತಿರುವುದಿಲ್ಲ. ಬೂದು ಮೈ, ಹಿಂದಕ್ಕೆ ಬಾಗಿದ ಚೂಪು ಕೊಂಬು, ಹತ್ತಿರ ಹೋದವರನ್ನು ಹಾಯುವ ಬುದ್ಧಿ. ಕೊಂಡವರು ಸುತ್ತಮುತ್ತಲಿನ ಮೂರೂ ತಾಲ್ಲೂಕಿನಿಂದ ಅಂಥ ಕರುಗಳನ್ನು ಹುಲಿಯಮ್ಮನ ದೊಡ್ಡಿಗೆ ತಂದು ಬಿಡುತ್ತಾರೆ. ಎರಡು ತಿಂಗಳಿಗೆ ಅವು ನೊಗಕ್ಕೆ ಕತ್ತು ಕೊಡುವಂತಾಗುತ್ತವೆ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಕರುವೂ ಅವಳ ದೊಡ್ಡಿಯಿಂದ ಪಳಗದೆ ಹೋಗಿರಲಿಲ್ಲ.

ಅವಳು ಕರುವನ್ನು ಹೊಡೆಯುವುದಿಲ್ಲ, ಉಪವಾಸ ಕೆಡವುವುದಿಲ್ಲ. ಏಳು ಹೆಜ್ಜೆ ದೂರದಲ್ಲಿ ಮೊರ ಇಟ್ಟುಕೊಂಡು ಕೂತು ಅವರೆಕಾಯಿ ಬಿಡಿಸುತ್ತಾಳೆ, ಹುಣಸೆಹಣ್ಣು ಕುಟ್ಟುತ್ತಾಳೆ. ಬಸ್ಸಿಳಿದು ಬಂದಾಗಿನಿಂದ ಸಂಜೆವರೆಗೆ ಕರುವಿನ ಜೊತೆ ಮಾತಾಡುತ್ತಾಳೆ. ತರೀಕೆರೆಯಲ್ಲಿ ನರ್ಸಾಗಿರುವ ಮಗಳು ಅಕ್ಷತಾಳ ಡ್ಯೂಟಿ, ನಾದಿನಿಯ ಮುನಿಸು, ರೇಷನ್ ಅಂಗಡಿಯ ಕ್ಯೂ, ಹುಣ್ಣಿಮೆಯ ದಿನ ಬುದ್ಧವಿಹಾರದಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು, ಎಲ್ಲವೂ ಕರುವಿನ ಕಿವಿಗೆ. ಮೂರು ದಿನಕ್ಕೊಮ್ಮೆ ಒಂದು ಹೆಜ್ಜೆ ಹತ್ತಿರ ಸರಿಯುತ್ತಾಳೆ. ಅವಳ ದೊಡ್ಡಿಗೆ ಇನ್ನೊಂದು ಕಟ್ಟುನಿಟ್ಟಿನ ಪದ್ಧತಿಯೂ ಉಂಟು. ಯಾರೇ ಬರಲಿ, ಬೇಲಿ ಹತ್ತಿರವೇ ನಿಂತು ತಾನು ಯಾರು, ಯಾಕೆ ಬಂದೆ ಅಂತ ಗಟ್ಟಿಯಾಗಿ ಹೇಳಬೇಕು. ಗಂಡ ಲಕ್ಷ್ಮಣಪ್ಪ ಕೂಡ ನೀರಿನ ಬಕೀಟು ಹಿಡಿದು, "ನಾನು ಕಣ್ರಪ್ಪಾ, ಲಕ್ಷ್ಮಣ. ನೀರು ತಂದಿವ್ನಿ" ಅಂದೇ ಒಳಗೆ ಹೋಗುವುದು. ಅವನು ದಿನದಲ್ಲಿ ಆಡುವ ಮಾತು ಹೆಚ್ಚುಕಡಿಮೆ ಅಷ್ಟೇ. ಮಿಕ್ಕದ್ದಕ್ಕೆ ಹೆಂಡತಿ ಅವಕಾಶ ಕೊಟ್ಟಿಲ್ಲ.

ಈ ವರ್ಷ ಪಂಚನಹಳ್ಳಿಯ ಭೈರೇಶ್ ಒಂದು ಜೋಡಿ ತಂದು ಬಿಟ್ಟಿದ್ದ. ತೆಂಗಿನ ತೋಟದಲ್ಲಿ ಡ್ರಿಪ್ ಪೈಪುಗಳ ನಡುವೆ ಟ್ರ್ಯಾಕ್ಟರ್ ತಿರುಗುವುದಿಲ್ಲ, ಅದಕ್ಕೆ ಅವನಿಗೆ ಎತ್ತೇ ಬೇಕು. ಹುಲಿಯಮ್ಮ ಕರುಗಳಿಗೆ ಹೆಸರಿಡುವುದಿಲ್ಲ, ಅದು ಕೊಂಡವರ ಹಕ್ಕು ಅನ್ನುತ್ತಾಳೆ. ಹಾಗಾಗಿ ಅವು ಬರೀ ದೊಡ್ಡೋನು, ಚಿಕ್ಕೋನು. ದೊಡ್ಡೋನು ತಿಂಗಳಿಗೇ ದಾರಿಗೆ ಬಂದ. ಚಿಕ್ಕೋನು ಸ್ವಲ್ಪ ಯೋಚನೆ ಮಾಡುವ ಜಾತಿ, ನಿಧಾನವಾಗಿ ಒಗ್ಗುತ್ತಿದ್ದ. ಅಷ್ಟರಲ್ಲಿ ಇನ್ಶೂರೆನ್ಸಿಗೆ ಕಿವಿಗೆ ನಂಬರಿನ ಓಲೆ ಹಾಕಬೇಕು, ಆರೋಗ್ಯದ ಕಾರ್ಡು ಬರೆಯಬೇಕು ಅಂತ ಹೊಸದಾಗಿ ಬಂದ ಪಶುವೈದ್ಯ ಯೋಗಾನಂದ ಒಂದು ಬೆಳಿಗ್ಗೆ ದೊಡ್ಡಿಗೆ ಬಂದರು.

ಡಾಕ್ಟರು ಒಳ್ಳೆಯ ಹುಡುಗ. ಆದರೆ ಅವರು ಅಲ್ಲಿಯವರೆಗೆ ನೋಡಿಕೊಂಡದ್ದು ಜೆರ್ಸಿ ಹಸುಗಳನ್ನು. ಪ್ರಾಣಿ ಗಾಬರಿಯಾಗಬಾರದು ಅಂತ ಚಪ್ಪಲಿ ಕಳಚಿಟ್ಟು, ಕೆಮ್ಮನ್ನೂ ನುಂಗಿಕೊಂಡು, ಬೆಕ್ಕಿನ ಹೆಜ್ಜೆಯಲ್ಲಿ ಹಿಂದಿನಿಂದ ಹೋಗಿದ್ದಾರೆ. ಹುಲಿಯಮ್ಮ ಆಗ ಒಳಗೆ ಮುದ್ದೆ ತಿರುವುತ್ತಿದ್ದಳು. ಕಾವಲಿನಲ್ಲಿ ಬೆಳೆದ ಕರುವಿಗೆ ಹಿಂದಿನಿಂದ ಸದ್ದಿಲ್ಲದೆ ಬರುವುದು ಒಂದೇ, ಚಿರತೆ. ಚಿಕ್ಕೋನು ತಿರುಗಿದ. ಆಮೇಲೆ ಆದದ್ದಕ್ಕೆ ಲಕ್ಷ್ಮಣಪ್ಪ ಒಬ್ಬನೇ ಸಾಕ್ಷಿ. ಅವನ ಪ್ರಕಾರ ಡಾಕ್ಟರು ರಾಗಿಹುಲ್ಲಿನ ಬಣವೆಯನ್ನು ಏಣಿಯಿಲ್ಲದೆ ಹತ್ತಿದರು. ಚಿಕ್ಕೋನು ಕೆಳಗೆ ಕಾಲು ಕೆರೆಯುತ್ತ ನಿಂತಿದ್ದಾಗ ಅವರು ಮೇಲೆ ಕೂತು, ಜೇಬಿನಿಂದ ಪೆನ್ನು ತೆಗೆದು, ಕಾರ್ಡಿನಲ್ಲಿ ಸ್ವಭಾವ ಅನ್ನುವ ಕಾಲಮ್ಮಿನಲ್ಲಿ ಒಂದೇ ಪದ ಬರೆದರು. ಬಣವೆಯ ಮೇಲೆ ಕೂತು ಬರೆದರೂ ಅಕ್ಷರ ದುಂಡಗೇ ಇತ್ತು, ಅದನ್ನು ಮೆಚ್ಚಬೇಕು.

ಆ ಕಾರ್ಡು ಮರುದಿನ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಬಂದು ಬಿತ್ತು.

"ಟೀಚ್ರಮ್ಮ, ಇದೇನು ಬರ್ದವ್ರೆ ನೋಡಿ ಹೇಳಿ."

"ಫೆರೋಷಿಯಸ್."

"ಹಂಗಂದ್ರೆ?"

ಹೇಳಿದೆ. ಉಗ್ರ, ಕ್ರೂರ, ಮೈಮೇಲೆ ಬೀಳುವಂಥದ್ದು, ಹುಲಿ ತೋಳಗಳಿಗೆ ಸಲ್ಲುವ ಮಾತು. ಅವಳ ಮುಖ ಸಪ್ಪಗಾಯಿತು. ಹಿಂದಿನ ದಿನವೇ ಭೈರೇಶ್ ಫೋನ್ ಮಾಡಿದ್ದನಂತೆ. ಕಾರ್ಡಿನ ಫೋಟೋ ಅವನ ಹೆಂಡತಿ ಭವ್ಯ ಓದಿದ್ದಾಳೆ. ಬಿ.ಎ. ಓದಿದವಳು, ಇಂಗ್ಲಿಷ್ ಬರುತ್ತದೆ. ಡಾಕ್ಟರೇ ಹೀಗೆ ಬರೆದ ಮೇಲೆ ವಯಸ್ಸಾದ ಅತ್ತೆ ಓಡಾಡುವ ಅಂಗಳಕ್ಕೆ ಆ ಪ್ರಾಣಿ ಕಾಲಿಡಕೂಡದು ಅಂದಿದ್ದಾಳೆ. ಹತ್ತು ದಿನ ಬಿಟ್ಟು ಸೋಮವಾರ ಬಂದು ದೊಡ್ಡೋನನ್ನು ಮಾತ್ರ ಕರೆದೊಯ್ಯುವುದು, ಚಿಕ್ಕೋನನ್ನು ದಲ್ಲಾಳಿಗೆ ಕೊಡುವುದು ಅಂತ ತೀರ್ಮಾನ. ಜೋಡಿ ಒಡೆದ ಹೋರಿ ದಲ್ಲಾಳಿ ಕೈಯಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

"ಅದೊಂದೇ ಅರ್ಥಾನಾ? ಇನ್ನೊಂದು ಚೂರು ಮೆತ್ತಗಿನ ಅರ್ಥ ಇಲ್ವಾ?" ಅಂದಳು.

ನನಗೆ ಪದಗಳ ವಿಷಯದಲ್ಲಿ ಸುಳ್ಳು ಹೇಳಲು ಬರುವುದಿಲ್ಲ. ಆದರೂ ಅವಳಿಗಾಗಿ ಆ ದಿನ ಸ್ಟಾಫ್ ರೂಮಿನಲ್ಲಿ ದಪ್ಪ ಡಿಕ್ಷನರಿ ತೆಗೆದು ಕೂತೆ. ಸಂಜೆ ಬಸ್ಸಿನಲ್ಲಿ ವರದಿ ಒಪ್ಪಿಸಿದೆ. ಈ ಪದವನ್ನು ಪ್ರಾಣಿಗೆ ಮಾತ್ರ ಅಲ್ಲ, ಬಿಸಿಲಿಗೂ ಹೇಳುತ್ತಾರೆ, ಹಸಿವಿಗೂ ಹೇಳುತ್ತಾರೆ, ಪೈಪೋಟಿಗೆ, ಜಗಳಕ್ಕೆ, ಬೈಗುಳಕ್ಕೆ ಹೇಳುತ್ತಾರೆ. ಹಿಡಿದ ಹಟ ಬಿಡದ ಮನುಷ್ಯರಿಗೆ ಮೆಚ್ಚಿ ಹೇಳುವುದೂ ಉಂಟು. ಲ್ಯಾಟಿನ್ ಅನ್ನುವ ಹಳೆಯ ಭಾಷೆಯಲ್ಲಿ ಇದರ ಬೇರು, ಅಲ್ಲಿ ಅದಕ್ಕೆ ಕಾಡಿನ ಮುಖ, ಕಾಡಿನ ನೋಟ ಅನ್ನುವ ಅರ್ಥ.

ಹುಲಿಯಮ್ಮ ನೆಟ್ಟಗೆ ಕೂತಳು. "ಕಾಡಲ್ಲಿ ಹುಟ್ಟಿದ್ದಕ್ಕೆ ಕಾಡಿನ ಮುಖ ಇರ್ದೆ ತಾಲ್ಲೂಕಾಫೀಸಿನ ಮುಖ ಇರ್ತದಾ?"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅವತ್ತಿನಿಂದ ಆ ಪದ ಅವಳ ಸೊತ್ತಾಯಿತು. ಚಿಲ್ಲರೆ ಕೇಳಿದ ಕಂಡಕ್ಟರ್ ಫೆರೋಷಿಯಸ್. ಅಕ್ಷತಾ ಕಳಿಸಿದ ನಿಂಬೆಕಾಯಿ ಉಪ್ಪಿನಕಾಯಿ ಫೆರೋಷಿಯಸ್. ನಾದಿನಿ ಮಾತ್ರ ಅದಕ್ಕಿಂತ ಒಂದು ತೂಕ ಮೇಲು, ಅವಳಿಗೆ ಬೇರೆ ಪದ ಹುಡುಕಿಕೊಡಿ ಅಂತ ನನಗೆ ಹೋಮ್‌ವರ್ಕು. ನಾನು ಹತ್ತನೇ ಕ್ಲಾಸಿನಲ್ಲಿ ಐದು ವರ್ಷ ಕಲಿಸಿದರೂ ಯಾರ ನಾಲಿಗೆಗೂ ಹತ್ತದ ಪದ ಐದು ದಿನದಲ್ಲಿ ಅಜ್ಜಂಪುರದ ಬಸ್ಸಿನಲ್ಲಿ ನಿಂತವರ, ಕೂತವರ ಬಾಯಲ್ಲೆಲ್ಲ ಓಡಾಡತೊಡಗಿತು. ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ತಪ್ಪಲ್ಲ.

ನಗುವಿನ ನಡುವೆಯೂ ಅವಳು ಸೋಮವಾರವನ್ನು ಮರೆತಿರಲಿಲ್ಲ. ಅಜ್ಜಂಪುರಕ್ಕೆ ಹೋಗಿ ಡಾಕ್ಟರನ್ನು ಹಿಡಿದಳು. ಅವರೂ ಮನುಷ್ಯರೇ, ಬಣವೆಯ ವಿಷಯ ಊರಿಗೆಲ್ಲ ಗೊತ್ತಾಗಿ ಮುಜುಗರವಾಗಿತ್ತು. "ನೀವು ಸಾಕಿದೋರ ಹತ್ರ ಅದು ಸುಮ್ನಿರೋದು ದೊಡ್ಡದಲ್ಲಮ್ಮ. ಹೊರಗಿನೋರು ಯಾರಾದ್ರೂ ಹಗ್ಗ ಹಿಡಿದು ದೊಡ್ಡಿಯಿಂದ ನಿಮ್ಮನೆ ಮುಂದಿನ ಹುಣಸೆಮರದ ತನಕ ನಡೆಸಿ ವಾಪಸ್ ತರ್ಲಿ. ನಾನು ಶನಿವಾರ ಬತ್ತೀನಿ, ಕಣ್ಣಾರೆ ನೋಡಿ ಬರೀತೀನಿ" ಅಂದರಂತೆ.

"ಒಳ್ಳೇದಾಯ್ತಲ್ಲ. ಹೊರಗಿನವರು ಯಾರು ಸಿಕ್ಕಿದರು?" ಅಂತ ನಾನು ಪೆದ್ದಿಯ ಹಾಗೆ ಕೇಳಿದೆ.

ಅವಳು ನನ್ನನ್ನೇ ನೋಡುತ್ತಿದ್ದಳು.

ನಾನು ದನ ಕಂಡರೆ ರಸ್ತೆ ದಾಟುವವಳು. ನಮ್ಮನೆಯಲ್ಲಿ ಹಾಲು ಪ್ಯಾಕೆಟ್ಟಿನಿಂದಲೇ ಕರೆಯುವುದು. ಖಡಾಖಂಡಿತವಾಗಿ ಆಗುವುದಿಲ್ಲ ಅಂದೆ. ಅವಳು ವಾದ ಮಾಡಲಿಲ್ಲ. "ಬ್ಯಾರೆ ಯಾರ್ನೂ ಕೇಳಕ್ಕಾಗಲ್ಲ ಟೀಚ್ರಮ್ಮ. ಆ ಪದ ಕೇಳಿದ್ಮೇಲೆ ಊರಲ್ಲಿ ಯಾರೂ ಬೇಲಿ ಹತ್ರಕ್ಕೂ ಬರ್ತಿಲ್ಲ. ಅದರ ಪೂರ್ತಿ ಅರ್ಥ ಗೊತ್ತಿರೋರು ನೀವೊಬ್ರೇ" ಅಂದಳು. ಮಂಗಳವಾರ ಸಂಜೆ ನಾಲ್ಕೂವರೆಗೆ ನಾನು ಅವಳ ಬೇಲಿಯ ಹತ್ತಿರ ನಿಂತಿದ್ದೆ.

"ನಾನು ಮಲ್ಲಿಕಾಂಬ. ಇಂಗ್ಲಿಷ್ ಟೀಚರ್. ಯಾಕೆ ಬಂದೆನೋ ನನಗೂ ಗೊತ್ತಿಲ್ಲ" ಅಂದೆ. ಚಿಕ್ಕೋನು ಕಿವಿ ತಿರುಗಿಸಿದ. ಏಳು ಹೆಜ್ಜೆ ದೂರದಲ್ಲಿ ಮಣೆ ಹಾಕಿ ಕೂರಿಸಿ ಹುಲಿಯಮ್ಮ ಮಾತಾಡಿ ಅಂದಳು. ಏನು ಮಾತಾಡುವುದು? ಇಪ್ಪತ್ತಾರು ವರ್ಷ ಬಾಯಿ ಮುಚ್ಚಿ ಅಂತ ಹೇಳಿದ್ದು ಬಿಟ್ಟರೆ ನನಗೆ ಬೇರೆ ಮಾತೇ ಅಭ್ಯಾಸವಿಲ್ಲ. ಕೊನೆಗೆ ಗೊತ್ತಿದ್ದದ್ದನ್ನೇ ಶುರುಮಾಡಿದೆ. ಫೆರೋಷಿಯಸ್ ಅನ್ನುವುದು ಗುಣವಾಚಕ. ಫೆರಾಸಿಟಿ ನಾಮಪದ. ಫೆರೋಷಿಯಸ್ಲಿ ಕ್ರಿಯಾವಿಶೇಷಣ. ವಾಕ್ಯದಲ್ಲಿ ಪ್ರಯೋಗಿಸಿ: ಡಾಕ್ಟರು ಬಣವೆಯನ್ನು ಫೆರೋಷಿಯಸ್ಲಿ ಹತ್ತಿದರು. ಚಿಕ್ಕೋನು ಮೆಲುಕು ಹಾಕುವುದನ್ನು ನಿಲ್ಲಿಸಿ ಕೇಳಿದ. ದೇವರಾಣೆ, ನನ್ನ ಹತ್ತನೇ ಕ್ಲಾಸು ಒಂದು ದಿನವೂ ಇಷ್ಟು ಗಮನ ಕೊಟ್ಟಿರಲಿಲ್ಲ.

ಬುಧವಾರ ಐದು ಹೆಜ್ಜೆ. ನಮಗೆ ಟೈಮಿಲ್ಲದ್ದರಿಂದ ಹುಲಿಯಮ್ಮ ತನ್ನ ಲೆಕ್ಕ ಸಡಿಲ ಮಾಡಿದ್ದಳು. ಗುರುವಾರ ಪಾಠ ಮುಗಿದುಹೋಗಿ ನನ್ನ ಮಾತೇ ಶುರುವಾಯಿತು. ಹೆಡ್‌ಮಾಸ್ಟರು, ಮೊಣಕಾಲು ನೋವು, ಬದಲಾದ ಸಿಲೆಬಸ್ಸು. ಆಮೇಲೆ, ಮಕ್ಕಳು ನನಗೆ ಹೆದರುತ್ತಾರೆ, ಕಾರಿಡಾರಿನಲ್ಲಿ ನಾನು ಬರುವುದು ಕಂಡರೆ ಇನ್ನೊಂದು ಕಡೆ ತಿರುಗಿ ಹೋಗುತ್ತಾರೆ, ಅದು ನನಗೆ ಗೊತ್ತು, ಬೇಜಾರೂ ಆಗುತ್ತದೆ ಅಂದೆ. ಇದನ್ನು ಯಾವ ಮನುಷ್ಯರಿಗೂ ಹೇಳಿರಲಿಲ್ಲ. ಮೊರದ ಹಿಂದೆ ಕೂತಿದ್ದ ಹುಲಿಯಮ್ಮ ಎದ್ದು ಬಂದು ನನ್ನ ಮಣೆಯನ್ನು ಕರುವಿನ ಕಡೆಗೆ ಇನ್ನೊಂದು ಹೆಜ್ಜೆ ಸರಿಸಿದಳು. ಶುಕ್ರವಾರ ಚಿಕ್ಕೋನು ನನ್ನ ಬ್ಯಾಗಿನಿಂದ ಎಂಟನೇ ಕ್ಲಾಸಿನ ಒಂದು ಉತ್ತರಪತ್ರಿಕೆ ಎಳೆದು ತಿಂದ. ಅದಕ್ಕೆ ಪಾಸ್ ಮಾರ್ಕು ಕೊಟ್ಟುಬಿಟ್ಟೆ.

ಶನಿವಾರ ಬೆಳಿಗ್ಗೆ ಡಾಕ್ಟರು ಬಂದಾಗ ಬೇಲಿಯಾಚೆ ಅರ್ಧ ಊರೇ ಬಂದಿತ್ತು, ದೂರದಲ್ಲೇ. ಹಗ್ಗ ಹಿಡಿದೆ. "ನಾನು ಕಣೋ, ಮಲ್ಲಿಕಾಂಬ. ಹುಣಸೆಮರದ ತನಕ ಹೋಗಿ ಬರೋಣ. ನನ್ನ ಮಾನ ಕಳೀಬೇಡ" ಅಂದೆ. ಚಿಕ್ಕೋನು ನಿಂತೇ ಇದ್ದ. ಹಗ್ಗ ಎಳೆಯಲು ನನಗೆ ಧೈರ್ಯ ಬರಲಿಲ್ಲ, ಸುಮ್ಮನಿರಲೂ ಬರಲಿಲ್ಲ, ಮಾತಾಡುತ್ತಲೇ ಹೆಜ್ಜೆಯಿಟ್ಟೆ. ಏನು ಮಾತಾಡಿದೆನೋ ನೆನಪಿಲ್ಲ. ಆಮೇಲೆ ಲಕ್ಷ್ಮಣಪ್ಪ ಹೇಳಿದ್ದು, ನಾನು ದಾರಿಯುದ್ದಕ್ಕೂ ಮಗ್ಗಿ ಹೇಳುತ್ತಿದ್ದೆನಂತೆ. ಹಿಂದೆ ಗೊರಸಿನ ಸದ್ದು ಕೇಳಿತು. ಮರ ಮುಟ್ಟಿದೆ. ತಿರುಗಿದೆ. ವಾಪಸ್ ಬಂದೆ. ಜನ ಚಪ್ಪಾಳೆ ತಟ್ಟಲು ಹೋದರು, ಹುಲಿಯಮ್ಮ ಕಣ್ಣಲ್ಲೇ ಅವರನ್ನು ತಡೆದಳು.

ಇನ್ನು ಕಿವಿಯೋಲೆ ಹಾಕಬೇಕಾದದ್ದು ಡಾಕ್ಟರು. ಅವರು ಬೇಲಿಯ ಹತ್ತಿರ ನಾಚಿಕೊಂಡು ನಿಂತರು.

"ಹೇಳಿ ಸಾರ್, ಗಟ್ಟಿಯಾಗಿ" ಅಂದಳು ಹುಲಿಯಮ್ಮ.

"ನಾನು ಡಾಕ್ಟರ್ ಯೋಗಾನಂದ. ಪಶುವೈದ್ಯ. ಹೋದ ಸಲ... ಹೋದ ಸಲ ಹೇಳ್ದೆ ಬಂದಿದ್ದೆ. ತಪ್ಪಾಯ್ತು."

ಯಾರೋ ಕಿಸಕ್ಕನೆ ನಕ್ಕರು. ಚಿಕ್ಕೋನು ನಗಲಿಲ್ಲ, ಅವರನ್ನು ಮೇಲಿಂದ ಕೆಳಗೆ ನೋಡಿದ. ಹುಲಿಯಮ್ಮ ಮೂಗುದಾರದ ಹತ್ತಿರ ಕೈಯಿಟ್ಟು ನಾದಿನಿಯ ಕತೆ ಶುರುಮಾಡಿದಳು. ಕತೆ ರಸವತ್ತಾದ ಜಾಗಕ್ಕೆ ಬರುವಷ್ಟರಲ್ಲಿ ಓಲೆ ಬಿದ್ದಿತ್ತು. ಚಿಕ್ಕೋನು ಒಮ್ಮೆ ತಲೆ ಕೊಡವಿದ, ಅಷ್ಟೇ.

ಡಾಕ್ಟರು ಕಾರ್ಡು ತೆಗೆದು ಹಳೆಯ ಪದವನ್ನು ಹೊಡೆದುಹಾಕಲು ಪೆನ್ನು ಇಳಿಸಿದರು. "ಮೇಡಂ, ಡೊಸೈಲ್ ಅಂತ ಬರೀಲಾ?" ಅಂತ ನನ್ನನ್ನು ಕೇಳಿದರು. ಅದರ ಅರ್ಥ ಸಾಧು ಅಂತ ನಾನು ಹುಲಿಯಮ್ಮನಿಗೆ ಹೇಳಿದೆ.

"ಬ್ಯಾಡಿ. ಹಳೇದನ್ನ ಹೊಡೀಬ್ಯಾಡಿ ಸಾರ್" ಅಂದಳು ಅವಳು. "ನೀವು ಬರ್ದಿದ್ದು ಸುಳ್ಳೇನಲ್ಲ. ಅವತ್ತು ಅದು ಹಂಗೇ ಇತ್ತು. ಅದರ ಮುಂದೆ ಅವತ್ತಿನ ತಾರೀಖು ಹಾಕಿ. ಒಂದು ದಿನ ಕಂಡದ್ದಕ್ಕೆ ಜಲ್ಮಕ್ಕೆಲ್ಲ ಹೆಸರು ಇಡಬಾರ್ದು ಅಷ್ಟೇಯ. ಇನ್ನು ಸಾಧು ಅಂತ್ಲೂ ಬರೀಬ್ಯಾಡಿ, ಅದು ಸಾಧುನೂ ಅಲ್ಲ. ಆ ಪಂಚನಹಳ್ಳಿ ಹೆಣ್ಣುಮಗಳು ಸಾಧು ಅಂತ ನಂಬ್ಕಂಡು ಹಿಂದಿನಿಂದ ಹೋದ್ರೆ? ಯಾರು ಅಂತ ಹೇಳ್ಕಂಡು ಬಂದೋರಿಗೆ ಒಗ್ಗುತ್ತೆ. ಅಷ್ಟು ಬರೀರಿ."

ಡಾಕ್ಟರು ಕಾಲಮ್ಮಿನೊಳಗೆ ಹಿಡಿಯದೆ ಅಂಚಿನವರೆಗೂ ಅದನ್ನು ಕನ್ನಡದಲ್ಲೇ ಬರೆದರು. ನಾನು ಇಷ್ಟು ವರ್ಷ ಮಕ್ಕಳ ಪ್ರೋಗ್ರೆಸ್ ಕಾರ್ಡಿನಲ್ಲಿ ಬರೆದ ಒಂದೊಂದೇ ಪದದ ಷರಾಗಳು ನೆನಪಾಗಿ ನನಗೆ ತಲೆಯೆತ್ತಲು ಆಗಲಿಲ್ಲ.

ಕಾರ್ಡಿನ ಹೊಸ ಫೋಟೋ ಪಂಚನಹಳ್ಳಿಗೆ ಹೋಯಿತು. ಭವ್ಯ ತಾನೇ ಬಂದು ನೋಡುತ್ತೇನೆ, ಆಮೇಲೆ ಮಾತು ಅಂದಳು.

ಸೋಮವಾರ ನಾನು ರಜೆ ಹಾಕಿ ಹೋದೆ. ಹೋಗಿ ನೋಡಿದರೆ ದೊಡ್ಡಿ ವಿಚಿತ್ರವಾಗಿತ್ತು. ಹುಲಿಯಮ್ಮ ಅಡುಗೆಮನೆಯಲ್ಲಿ ಬಾಯಿ ಬಿಗಿದು ಕೂತಿದ್ದಳು. ನಾನು ಮಾತಾಡಿಸಿದರೆ ತಲೆಯಾಡಿಸಿದಳು. ದೊಡ್ಡಿಯಲ್ಲಿ ಲಕ್ಷ್ಮಣಪ್ಪ ಗಂಟಲು ಹರಿಯುವ ಹಾಗೆ ಮಾತಾಡುತ್ತಿದ್ದ. ಅವನೇ ವಿಷಯ ಹೇಳಿದ. ಕರು ಹೊರಡುವ ಎರಡು ದಿನ ಮುಂಚೆ ಅವಳು ಬಾಯಿ ಕಟ್ಟುತ್ತಾಳೆ. ಅವಳ ದನಿ ಕಿವಿಯಲ್ಲಿ ಇರುವ ತನಕ ಕರು ಇನ್ನೊಬ್ಬರ ದನಿಯನ್ನು ಹಿಡಿಯುವುದಿಲ್ಲ, ಅದಕ್ಕೆ ಒಗ್ಗುವುದಿಲ್ಲ. ಹೋದ ಕಡೆ ಅದು ಅವಳನ್ನೇ ಹುಡುಕಿ ಹಗ್ಗ ಹರಿದರೆ, ಮತ್ತೆ ಅದೇ ಹಳೆಯ ಹೆಸರು. "ಪ್ರತಿ ಸಲವೂ ಇಷ್ಟೇಯ. ಊಟಾನೂ ಮಾಡಲ್ಲ" ಅಂದ.

ಪಿಕಪ್ ಗಾಡಿ ಬಂತು. ಭವ್ಯ ಇಳಿದವಳು ಬೇಲಿಯ ಹತ್ತಿರ ನಿಂತಳು. ಕೈಯಲ್ಲಿ ಕಾರ್ಡಿನ ಫೋಟೋ ಇದ್ದ ಮೊಬೈಲು. ಭೈರೇಶ್ ಹಿಂದೆಯೇ ನಿಂತ.

"ನಾನು ಭವ್ಯ ಕಣಪ್ಪಾ, ಪಂಚನಹಳ್ಳಿಯಿಂದ ಬಂದಿದೀನಿ. ನಿನ್ನ ನೋಡಿ ಹೆದರ್ಕೊಂಡಿದೀನಿ. ನೀನೂ ಹೆದರ್ಕೊಂಡಿದ್ಯಂತೆ. ನಮ್ಮನೇಲಿ ಅತ್ತೆ ಲಿಂಗಮ್ಮ ಅವ್ರೆ, ಅವರಿಗೂ ಮಾತು ಜಾಸ್ತಿ, ನಿಂಗೆ ಬೇಜಾರಾಗಲ್ಲ" ಅಂದಳು. ಹುಡುಗಿ ಜಾಣೆ ಅಂದುಕೊಂಡೆ. ಲಕ್ಷ್ಮಣಪ್ಪ ಹಗ್ಗವನ್ನು ಅವಳ ಕೈಗೆ ಕೊಟ್ಟ. ಅವಳು ಮಾತಾಡುತ್ತ ಗಾಡಿಯವರೆಗೆ ನಡೆದಳು, ಚಿಕ್ಕೋನು ಹಿಂದೆ ನಡೆದ. ದೊಡ್ಡೋನು ಆಗಲೇ ಹತ್ತಿ ನಿಂತಿದ್ದ.

ಇಂಜಿನ್ ಶುರುವಾದಾಗ ಚಿಕ್ಕೋನು ತಲೆಯೆತ್ತಿ ಮನೆಯ ಕಡೆ ತಿರುಗಿ ಕೂಗಿದ. ಗೋಡೆಯ ಹಿಂದೆ ಹುಲಿಯಮ್ಮನ ಪಕ್ಕ ನಿಂತಿದ್ದ ನನಗೆ ತಡೆಯಲಾಗಲಿಲ್ಲ, ಇಲ್ಲೇ ಇದೀನಿ ಕಣೋ ಅನ್ನಲು ಬಾಯಿ ತೆರೆದೆ. ಅವಳ ಅಂಗೈ ಬಂದು ನನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿತು. ಇನ್ನೊಂದು ಕೈಯಲ್ಲಿ ಅವಳು ತನ್ನ ಬಾಯಿ ಮುಚ್ಚಿಕೊಂಡಿದ್ದಳು. ಎರಡನೆಯ ಸಲ ಕೂಗಿದ. ಅವಳ ಕೈ ಸಡಿಲವಾಗಲಿಲ್ಲ. ಮೂರನೆಯ ಕೂಗು ಏಳುತ್ತಿದ್ದ ಹಾಗೆ ಗಾಡಿಯ ಹಿಂಭಾಗದಿಂದ ಭವ್ಯಳ ದನಿ ಬಂತು, "ಇಲ್ಲೇ ಇದೀನಲ್ಲಪ್ಪಾ, ಹೆದರ್ಕೋಬೇಡ, ನಾನು ಭವ್ಯ." ಕೂಗು ಅರ್ಧಕ್ಕೇ ನಿಂತಿತು. ಗಾಡಿ ಕೆರೆ ಏರಿ ದಾಟಿ ಸದ್ದು ಅಡಗುವ ತನಕ ಮತ್ತೆ ಕೇಳಿಸಲಿಲ್ಲ.

ಆಗ ಹುಲಿಯಮ್ಮ ಕೈ ತೆಗೆದಳು.

"ಅವಳ ದನಿ ಹಿಡೀತು ಕಣ್ರೀ ಟೀಚ್ರಮ್ಮ, ಹಿಡೀತು" ಅಂದಳು. ಅಂದು, ಗೆದ್ದ ಖುಷಿಯಲ್ಲಿ ನಗುತ್ತ, ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತಳು.